ನಾಲ್ಕು ಮೂಲೆಯ ಕಹಳೆ: ಬೆರ್ಲಿಯೋಜ್ ಹುಡುಕಿಕೊಂಡು ಹೋದ ಪ್ರವಾಸ

ಬುಧವಾರ, ಪ್ಯಾರಿಸ್

"ಮಾಮ, ಅಕ್ಟೋಬರ್‌ನಲ್ಲಿ ಬೆರ್ಲಿಯೋಜ್ ರೆಕ್ವಿಯೆಮ್ ಇದೆ. ಟಿಕೆಟ್ ತೆಗೀಲಾ? ಆಮೇಲೆ ಕೇಳಿದ್ರೆ ಸಿಗಲ್ಲ" ಅಂತ ಅಕ್ಕನ ಮಗಳು ಫೋನ್ ಮಾಡಿದಾಗ ನಾನು ಬೆಲೆಯನ್ನೂ ಕೇಳಲಿಲ್ಲ. ಪುಟ್ಟಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಳೆ. ನನ್ನ ಹುಚ್ಚು ಅವಳಿಗೆ ಚೆನ್ನಾಗಿ ಗೊತ್ತು.

ರೆಕ್ವಿಯೆಮ್ ಅಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ ತೀರಿಕೊಂಡವರಿಗಾಗಿ ನಡೆಯುವ ಪೂಜೆಯ ಹಾಡು. ಸಾಹಿತ್ಯ ಲ್ಯಾಟಿನ್. ಮೊಜಾರ್ಟ್, ವೆರ್ಡಿ, ಫೋರೆ ಇವರೆಲ್ಲ ಅದಕ್ಕೆ ಸಂಗೀತ ಕಟ್ಟಿದ್ದಾರೆ. ಆದರೆ ಫ್ರಾನ್ಸಿನ ಎಕ್ತೋರ್ ಬೆರ್ಲಿಯೋಜ್ 1837ರಲ್ಲಿ ಕಟ್ಟಿದ್ದಕ್ಕೆ ಬೇಕಾಗುವ ದಂಡೇ ಬೇರೆ. ಅವನು ಕೇಳಿರುವ ಪಟ್ಟಿ ನೋಡಿ. ತಂತಿವಾದ್ಯ ನುಡಿಸುವವರೇ 108 ಜನ. ಊದುವ ವಾದ್ಯಗಳಲ್ಲಿ 12 ಹಾರ್ನ್, 8 ಬಸೂನ್. 16 ಟಿಂಪನಿ, ಅಂದರೆ ತಾಮ್ರದ ಹೊಟ್ಟೆಯ ದೊಡ್ಡ ನಗಾರಿಗಳು. 10 ಜೊತೆ ಸಿಂಬಲ್, ಅಂದರೆ ನಮ್ಮ ತಾಳದ ಹಾಗಿನ ದೊಡ್ಡ ಹಿತ್ತಾಳೆ ತಟ್ಟೆಗಳು. ಹಾಡುವವರು 210. ಇಷ್ಟು ಸಾಲದು ಅಂತ ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ವಾದ್ಯಗಳ ತಂಡ, ಅದರಲ್ಲಿ ಒಟ್ಟು 38 ಜನ. ಜಾಗ ಇದ್ದರೆ ಹಾಡುವವರನ್ನು ಎರಡು ಪಟ್ಟು, ಮೂರು ಪಟ್ಟು ಮಾಡಿಕೊಳ್ಳಿ ಅಂತ ಬೇರೆ ಬರೆದಿಟ್ಟಿದ್ದಾನೆ!

ಎರಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಷ್ಟು ಸಲ ಕೇಳಿದರೂ ನಾಲ್ಕು ಮೂಲೆ ಸಿಗುವುದಿಲ್ಲ, ಅಲ್ವಾ? ಅದಕ್ಕೇ ಹೊರಟೆ. ಹೋಗುವುದು ಹೋಗುತ್ತೇನೆ, ಅವನ ಊರನ್ನೂ ನೋಡಿಬಿಡೋಣ ಅಂತ ಸಂಗೀತ ಕಚೇರಿಗೆ ಮುಂಚೆ ಒಂದಷ್ಟು ರಜೆ ಸೇರಿಸಿಕೊಂಡೆ.

ಬೆಳಿಗ್ಗೆ ವಿಮಾನ ಇಳಿದು, ಪುಟ್ಟಿ ರೂಮಿನಲ್ಲಿ ಒಗ್ಗರಣೆ ಅವಲಕ್ಕಿ ತಿಂದು, ಮಲಗಿದರೆ ರಾತ್ರಿ ನಿದ್ದೆ ಬರಲ್ಲ ಅಂತ ಹಟ ಮಾಡಿ ಎದ್ದು ಹೊರಟಿದ್ದು ಮೊಂಮಾರ್ತ್ರ್ ಸ್ಮಶಾನಕ್ಕೆ. ಅದು ತಗ್ಗಿನಲ್ಲಿದೆ. ತಲೆಯ ಮೇಲೇ ಕಬ್ಬಿಣದ ಸೇತುವೆ. ಮೇಲೆ ಬಸ್ಸು ಕಾರು, ಕೆಳಗೆ ಗೋರಿಗಳು. ಬೆರ್ಲಿಯೋಜ್ ಹೆಸರಿನ ಒಂದು ದಾರಿಯೇ ಅಲ್ಲಿದೆ. ಅವನ ಗೋರಿ ಕಪ್ಪು ಕಲ್ಲಿನದು, ಮೇಲೆ ಮುಖದ ಉಬ್ಬುಚಿತ್ರ.

ಅವನ ಜೊತೆ ಇಬ್ಬರು ಹೆಂಡತಿಯರೂ ಅಲ್ಲೇ ಇದ್ದಾರೆ. ಮೊದಲನೆಯವಳು ಹ್ಯಾರಿಯೆಟ್ ಸ್ಮಿತ್ಸನ್, ಐರ್ಲೆಂಡಿನ ನಟಿ. 1827ರಲ್ಲಿ ಪ್ಯಾರಿಸ್ಸಿಗೆ ಬಂದ ಇಂಗ್ಲಿಷ್ ನಾಟಕ ತಂಡದಲ್ಲಿ ಅವಳು ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದ ಒಫೀಲಿಯಾ ಆಗಿದ್ದಳು. ಬೆರ್ಲಿಯೋಜ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲೇ ಹೇಳಬೇಕು. ಆದರೂ ತಲೆ ಕೆಟ್ಟಿತು. ಆ ಹುಚ್ಚಿನಲ್ಲೇ 1830ರಲ್ಲಿ 'ಸಿಂಫೊನಿ ಫಾಂತಾಸ್ತಿಕ್' ಅನ್ನೋ ವಾದ್ಯವೃಂದದ ಕೃತಿ ಬಂತು. 1833ರಲ್ಲಿ ಮದುವೆಯೂ ಆಯಿತು, ಆಮೇಲೆ ಸಂಸಾರ ಮುರಿದೂ ಬಿತ್ತು. ಹ್ಯಾರಿಯೆಟ್ ತೀರಿಕೊಂಡ ವರ್ಷವೇ, ಅಂದರೆ 1854ರಲ್ಲೇ, ಅವನು ಗಾಯಕಿ ಮರಿ ರೆಸಿಯೊಳನ್ನು ಮದುವೆಯಾದ. ಅವಳೂ 1862ರಲ್ಲಿ ಹೋದಳು. ಬೇರೆ ಸ್ಮಶಾನದಲ್ಲಿದ್ದ ಹ್ಯಾರಿಯೆಟ್‌ಳ ಅವಶೇಷವನ್ನು 1864ರಲ್ಲಿ ಇಲ್ಲಿಗೇ ತಂದಿಟ್ಟ. 1869ರಲ್ಲಿ ಅವನೂ ಇಲ್ಲಿಗೇ ಬಂದ.

"ಮೂರೂ ಜನ ಒಂದೇ ಕಡೆನಾ? ಜಗಳ ಆಗಲ್ವಾ ಮಾಮ?" ಅಂದಳು ಪುಟ್ಟಿ.

ವಾಪಸ್ ಬರುವಾಗ ಪಾಸಾಜ್ ದೆ ಪನೊರಾಮ ಅನ್ನೋ ಹಳೆ ಗಾಜಿನ ಸೂರಿನ ಓಣಿಗೆ ನುಗ್ಗಿದೆವು. ಅಲ್ಲಿ ಅಂಚೆಚೀಟಿ, ಹಳೆ ನಾಣ್ಯ ಮಾರುವ ಅಂಗಡಿಗಳಿವೆ. ನನಗೆ ಬೇಕಾಗಿದ್ದು ಸಿಕ್ಕಿತು: 1970ರ ದಶಕದ 10 ಫ್ರಾಂಕ್ ನೋಟು. ಅದರ ಮೇಲೆ ಬೆರ್ಲಿಯೋಜ್ ಕೋಲು ಹಿಡಿದು ವಾದ್ಯವೃಂದ ನಡೆಸುತ್ತಿದ್ದಾನೆ. ಜಾಗ ಇನ್ವಾಲಿದ್ ಚರ್ಚು, ರೆಕ್ವಿಯೆಮ್ ಮೊದಲ ಸಲ ಕೇಳಿಬಂದ ಜಾಗ. ತಿರುಗಿಸಿದರೆ ಅವನ ಪಕ್ಕದಲ್ಲಿ ಒಂದು ಗಿಟಾರ್. ತಮಾಷೆ ಏನು ಗೊತ್ತಾ? ಆವತ್ತು ಕೋಲು ಹಿಡಿದಿದ್ದವನು ಬೆರ್ಲಿಯೋಜ್ ಅಲ್ಲವೇ ಅಲ್ಲ.

ಗುರುವಾರ, ಇನ್ವಾಲಿದ್

ಚಿನ್ನದ ಗುಮ್ಮಟ ದೂರದಿಂದಲೇ ಕಾಣುತ್ತದೆ. 14ನೇ ಲೂಯಿ ಗಾಯಗೊಂಡ ಸೈನಿಕರಿಗೆ ಅಂತ ಕಟ್ಟಿಸಿದ ಆಶ್ರಮ ಇದು. ಜನ ಮುಗಿಬೀಳುವುದು ಗುಮ್ಮಟದ ಕೆಳಗಿರುವ ನೆಪೋಲಿಯನ್ ಗೋರಿ ನೋಡುವುದಕ್ಕೆ. ನಾವೂ ಒಂದು ಸುತ್ತು ಹಾಕಿ ಬೇಗ ಹೊರಬಿದ್ದೆವು. ರೆಕ್ವಿಯೆಮ್ ಹಾಡಿದಾಗ ಅವನಿನ್ನೂ ಇಲ್ಲಿ ಇರಲಿಲ್ಲ. ಅವನ ದೇಹ ಇಲ್ಲಿಗೆ ಬಂದಿದ್ದು 1840ರ ಡಿಸೆಂಬರ್‌ನಲ್ಲಿ.

ನನಗೆ ಬೇಕಾಗಿದ್ದು ಗೋಡೆಯ ಆಚೆಗಿನ ಸೈನಿಕರ ಚರ್ಚು, ಸೇಂತ್ ಲೂಯಿ. ಉದ್ದ ಜಾಸ್ತಿ, ಅಗಲ ಕಡಿಮೆ. ಬಿಳಿ ಕಲ್ಲು. ಮೇಲೆ ಎರಡೂ ಕಡೆ ಸಾಲಾಗಿ ಬಾವುಟಗಳು ತೂಗುತ್ತವೆ, ಯುದ್ಧದಲ್ಲಿ ಶತ್ರುಗಳಿಂದ ಕಿತ್ತುಕೊಂಡವು. ಕೆಲವು ಬಣ್ಣ ಬಿಟ್ಟು ಚಿಂದಿಯಾಗಿವೆ. ಹಿಂದಿನ ಬೆಂಚಿನಲ್ಲಿ ಕೂತು ನಾಲ್ಕು ತಂಡಗಳನ್ನು ಎಲ್ಲೆಲ್ಲಿ ನಿಲ್ಲಿಸಿರಬಹುದು ಅಂತ ಲೆಕ್ಕ ಹಾಕಿದೆ. ಪುಟ್ಟಿ ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿದಳು. ಅದು ಮೇಲಕ್ಕೆ ಹೋಗಿ ನಿಧಾನವಾಗಿ ವಾಪಸ್ ಬಂತು. ಕಾವಲಿನವರು ತಿರುಗಿ ನೋಡಿದರು. ನಾವು ಬಾವುಟ ನೋಡುತ್ತಾ ಕೂತೆವು.

ಈ ಕೃತಿ ಹುಟ್ಟಿದ ಕಥೆ ಸರ್ಕಾರಿ ಕೆಲಸದ ಕಥೆ. ಕೇಳಿದರೆ ನಮ್ಮವರಿಗೆ ತಕ್ಷಣ ಅರ್ಥ ಆಗುತ್ತದೆ. 1835ರ ಜುಲೈ 28ರಂದು ಫಿಯೆಸ್ಕಿ ಅನ್ನುವವನು 25 ಬಂದೂಕಿನ ನಳಿಗೆಗಳನ್ನು ಸಾಲಾಗಿ ಜೋಡಿಸಿ ದೊರೆ ಲೂಯಿ ಫಿಲಿಪ್ ಮೇಲೆ ಒಮ್ಮೆಗೇ ಹಾರಿಸಿದ. ದೊರೆ ಬದುಕಿಕೊಂಡ, ಜೊತೆಗಿದ್ದ ಮಾರ್ಷಲ್ ಮೊರ್ತಿಯೆ ಮತ್ತು ಇನ್ನೂ ಹಲವರು ಸತ್ತರು. ಆ ಸತ್ತವರ ನೆನಪಿಗೆ ಒಂದು ರೆಕ್ವಿಯೆಮ್ ಬರೆದುಕೊಡು ಅಂತ 1837ರಲ್ಲಿ ಒಳಾಡಳಿತ ಮಂತ್ರಿ ಗಾಸ್ಪರಾಂ ಬೆರ್ಲಿಯೋಜ್‌ಗೆ ಹೇಳಿದರು. ಆಗ ಅವನಿಗೆ 33 ವರ್ಷ. ಕೆಲವೇ ತಿಂಗಳಲ್ಲಿ ಬರೆದು ಮುಗಿಸಿದ. ತಲೆಯೊಳಗೆ ಎಷ್ಟು ಬೇಗ ಬರುತ್ತಿತ್ತು ಅಂದರೆ, ಕೈ ಅಷ್ಟು ಬೇಗ ಓಡದೆ ಒಂಥರಾ ಶೀಘ್ರಲಿಪಿಯನ್ನೇ ಮಾಡಿಕೊಂಡಿದ್ದನಂತೆ. ಹಾಡುವವರಿಗೆ ತಾಲೀಮೂ ಶುರುವಾಯಿತು. ಅಷ್ಟರಲ್ಲಿ ಸರ್ಕಾರ ಸಮಾರಂಭವನ್ನೇ ಕೈಬಿಟ್ಟಿತು. ಸ್ವರಲಿಪಿ ನಕಲು ಮಾಡಿದವರು, ಹಾಡುವವರು ಎಲ್ಲರೂ ದುಡ್ಡಿಗೆ ಇವನ ಬೆನ್ನು ಬಿದ್ದರು. ಇವನು ಕಚೇರಿಯಿಂದ ಕಚೇರಿಗೆ ಅಲೆದ.

ಅಕ್ಟೋಬರ್‌ನಲ್ಲಿ ಅಲ್ಜೀರಿಯಾದ ಕಾನ್ಸ್ಟಂಟೀನ್ ಊರಿನ ಮುತ್ತಿಗೆಯಲ್ಲಿ ಜನರಲ್ ದಾಂರೆಮೋಂ ಸತ್ತ. ಅವನ ಉತ್ತರಕ್ರಿಯೆಗೆ ದೊಡ್ಡ ಸಂಗೀತ ಬೇಕಿತ್ತು. ಸಂಗೀತ ಸಿದ್ಧವಾಗಿ ಕೂತಿತ್ತು. ಹೀಗೆ ಯಾರದೋ ಸಾವಿಗೆ ಬರೆದದ್ದು ಇನ್ಯಾರದೋ ಸಾವಿಗೆ, 1837ರ ಡಿಸೆಂಬರ್ 5ರಂದು, ಇದೇ ಸೂರಿನ ಕೆಳಗೆ ಮೊದಲ ಸಲ ಕೇಳಿಬಂತು. 400ಕ್ಕೂ ಜಾಸ್ತಿ ಜನ ಹಾಡಿ ನುಡಿಸಿದರು.

ಕೋಲು ಹಿಡಿದವರು ಆ ಕಾಲದ ದೊಡ್ಡ ನಿರ್ದೇಶಕ ಅಬೆನೆಕ್. ಬೆರ್ಲಿಯೋಜ್ ಆತ್ಮಕಥೆಯಲ್ಲಿ ಹೇಳುವ ಪ್ರಕಾರ, ನಾಲ್ಕು ಮೂಲೆಯ ತಂಡಗಳು ಒಟ್ಟಿಗೆ ಎತ್ತಿಕೊಳ್ಳಬೇಕಾದ, ಲಯ ಬದಲಾಗುವ ಆ ಒಂದೇ ಜಾಗದಲ್ಲಿ ಅಬೆನೆಕ್ ಕೋಲು ಕೆಳಗಿಟ್ಟು ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರಂತೆ! ಹಿಂದೆಯೇ ನಿಂತಿದ್ದ ಬೆರ್ಲಿಯೋಜ್ ಮುಂದಕ್ಕೆ ಹಾರಿ, ಕೈ ಚಾಚಿ, ತಾನೇ ನಾಲ್ಕು ಎಣಿಸಿ ಮಾನ ಉಳಿಸಿದನಂತೆ. ಉಪ್ಪು ಖಾರ ಹಚ್ಚಿ ಹೇಳುವುದರಲ್ಲಿ ಇವನನ್ನು ಮೀರಿಸುವವರು ಕಡಿಮೆ, ಹಾಗಾಗಿ ಪೂರ್ತಿ ನಂಬುವುದಕ್ಕೆ ನನಗೆ ಧೈರ್ಯ ಇಲ್ಲ. ಆದರೆ ಒಂದಂತೂ ಹೌದು. ನಾಲ್ಕು ಮೂಲೆಯಲ್ಲಿ ನಿಂತವರನ್ನು ಒಂದೇ ತಾಳಕ್ಕೆ ಹಿಡಿಯುವುದು ಎಷ್ಟು ಕಷ್ಟ ಅನ್ನುವುದು ಈ ಉದ್ದನೆಯ ಚರ್ಚಿನಲ್ಲಿ ಕೂತರೆ ಗೊತ್ತಾಗುತ್ತದೆ. ಪುಟ್ಟಿಯ ಒಂದು ಚಪ್ಪಾಳೆಗೇ ಇಷ್ಟು ಹೊತ್ತು ಹಿಡಿಯಿತು!

ಶುಕ್ರವಾರ, ಲಾ ಕೋತ್ ಸೇಂತ್ ಆಂದ್ರೆ

ಪ್ಯಾರಿಸ್ಸಿನಿಂದ ಲಿಯೋಂ ಊರಿಗೆ ಟಿಜಿವಿ ರೈಲಿನಲ್ಲಿ ಎರಡು ಗಂಟೆ. ಅಲ್ಲಿಂದ ಗ್ರೆನೋಬ್ಲ್ ಕಡೆಯ ಲೋಕಲ್ ರೈಲು. ಊರು ಸ್ಟೇಷನ್ನಿಂದ ದೂರ ಇದೆ. ಟ್ಯಾಕ್ಸಿ ಹಿಡಿದೆವು. ಸುತ್ತ ಬಿಯೆವ್ರ್ ಬಯಲು. ಈ ಜಿಲ್ಲೆ ಆಕ್ರೋಟಿಗೆ ಹೆಸರುವಾಸಿ. ಕೊಯ್ಲಿನ ಕಾಲ ಅದು.

ಊರು ಇಳಿಜಾರಿನಲ್ಲಿ ಬಯಲಿನ ಕಡೆ ಮುಖ ಮಾಡಿ ಕೂತಿದೆ. ಮಧ್ಯಯುಗದ ದೊಡ್ಡ ಸಂತೆಕಟ್ಟೆ, ಅದರ ಮೇಲೆ ಮರದ ತೊಲೆಗಳ ಭಾರಿ ಸೂರು. ಚೌಕದಲ್ಲಿ ಬೆರ್ಲಿಯೋಜ್ ಕಂಚಿನ ಪ್ರತಿಮೆ, ತಲೆಯನ್ನು ಕೈಗೆ ಆನಿಸಿಕೊಂಡು ಯೋಚಿಸುತ್ತಾ ನಿಂತಿದ್ದಾನೆ. ಇದರ ಮೂಲ ಇದ್ದದ್ದು ಪ್ಯಾರಿಸ್ಸಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಅದನ್ನು ಲೋಹಕ್ಕಾಗಿ ಕರಗಿಸಿಬಿಟ್ಟರು. ಈ ಚಿಕ್ಕ ಊರಿನದು ಉಳಿದುಕೊಂಡಿತು.

ಹುಟ್ಟಿದ ಮನೆ ಈಗ ಮ್ಯೂಸಿಯಂ. ಪ್ರವೇಶ ಉಚಿತ. 1803ರ ಡಿಸೆಂಬರ್ 11ರಂದು ಅವನು ಹುಟ್ಟಿದ್ದು ಇಲ್ಲೇ. ಅಪ್ಪ ಲೂಯಿ ಬೆರ್ಲಿಯೋಜ್ ಊರಿಗೆ ಬೇಕಾದ ಡಾಕ್ಟರು. ಯುರೋಪಿನಲ್ಲಿ ಸೂಜಿ ಚಿಕಿತ್ಸೆ ಮಾಡಿ ಅದರ ಬಗ್ಗೆ ಬರೆದವರಲ್ಲಿ ಮೊದಲಿಗರು, ಅವರ ಬರಹ ಅಚ್ಚಾಗಿದ್ದು 1816ರಲ್ಲಿ. ಮಗನಿಗೆ ಮನೆಯಲ್ಲೇ ಪಾಠ ಹೇಳಿದ್ದೂ ಅವರೇ. ಮಗನೂ ಡಾಕ್ಟರಾಗಬೇಕು ಅನ್ನೋದು ಅವರ ಆಸೆ. ನಮ್ಮ ಮನೆಗಳಲ್ಲೂ ಇದೇ ಅಲ್ವಾ ಕಥೆ? 1821ರಲ್ಲಿ ಮಗ ಪ್ಯಾರಿಸ್ಸಿಗೆ ಓದಲು ಹೋದ. ಹೆಣ ಕೊಯ್ಯುವ ಕೋಣೆಗೆ ಮೊದಲ ಸಲ ಕಾಲಿಟ್ಟವನು ಕಿಟಕಿಯಿಂದ ಹಾರಿ ಓಡಿದನಂತೆ. ಕೊನೆಗೆ ವೈದ್ಯ ಬಿಟ್ಟು ಸಂಗೀತ ಹಿಡಿದ. ಅಮ್ಮ ಶಾಪ ಹಾಕಿದರು, ಅಪ್ಪ ಕಳಿಸುವ ದುಡ್ಡು ನಿಲ್ಲಿಸಿ ಆಮೇಲೆ ಮತ್ತೆ ಕಳಿಸಿದರು.

ನಾನು ಈ ಮನೆಯಲ್ಲಿ ಹುಡುಕಿದ್ದು, ಇಲ್ಲದ ಒಂದು ವಸ್ತುವನ್ನು. ಹುಡುಗನಾಗಿದ್ದಾಗ ಡ್ರಾಯರಿನಲ್ಲಿ ಒಂದು ಪುಟ್ಟ ಕೊಳಲು ಸಿಕ್ಕಿತು, ಅದರಿಂದ ಶುರು. ಆಮೇಲೆ ದೊಡ್ಡ ಕೊಳಲು, ಆಮೇಲೆ ಗಿಟಾರ್. ಪಿಯಾನೊ ಮಾತ್ರ ಅಪ್ಪ ಕಲಿಸಲಿಲ್ಲ. ಯುರೋಪಿನ ದೊಡ್ಡ ಸಂಗೀತಗಾರರಲ್ಲಿ ಪಿಯಾನೊ ಬಾರದೆ ಬೆಳೆದವರು ಬಹಳ ಅಪರೂಪ. ಪಿಯಾನೊ ಮುಂದೆ ಕೂತು ಕಟ್ಟುವವರಿಗೆ ಎರಡು ಕೈಗಳ ನಡುವಿನ ಜಾಗ ತುಂಬುವ ಅಭ್ಯಾಸ ಬಂದುಬಿಡುತ್ತದೆ. ಇವನಿಗೆ ಆ ಅಭ್ಯಾಸ ಇರಲಿಲ್ಲ. ಈ ಸ್ವರ ಯಾವ ವಾದ್ಯದ್ದು, ಆ ವಾದ್ಯ ಎಷ್ಟು ದೂರದಲ್ಲಿದೆ ಅಂತಲೇ ಯೋಚಿಸುತ್ತಿದ್ದ. "ಪಿಯಾನೊ ಇಲ್ಲದ್ದೇ ಅವನ ಪುಣ್ಯ" ಅಂತ ನಾನು ಹೇಳಿದೆ. ಒಂಬತ್ತು ವರ್ಷ ಕೀಬೋರ್ಡ್ ಕ್ಲಾಸಿಗೆ ಹೋಗಿರುವ ಪುಟ್ಟಿ ಉತ್ತರ ಕೊಡಲಿಲ್ಲ.

ಇನ್ನೊಂದು ವಿಷಯ. ಅವನ ಆತ್ಮಕಥೆಯಲ್ಲಿ ಸಂಗೀತದ ಮೊದಲ ನೆನಪೇ ಒಂದು ವೃಂದಗಾನ. ಈ ಊರಿನಲ್ಲಿ ತಂಗಿ ಓದುತ್ತಿದ್ದ ಕಾನ್ವೆಂಟಿನ ಪ್ರಾರ್ಥನಾಮಂದಿರದಲ್ಲಿ ಪ್ರಸಾದ ತೆಗೆದುಕೊಳ್ಳುವ ಹೊತ್ತಿಗೆ ಹುಡುಗಿಯರು ಒಟ್ಟಾಗಿ ಹಾಡಿದ್ದು. ಸ್ವರ್ಗದ ಬಾಗಿಲೇ ತೆರೆದ ಹಾಗಾಯಿತು ಅಂತ ಬರೆಯುತ್ತಾನೆ. ದೇವರ ಮೇಲಿನ ನಂಬಿಕೆ ಆಮೇಲೆ ಹೋಯಿತು. ಹಾಡು ಹೋಗಲಿಲ್ಲ.

ರಾತ್ರಿ ಊಟಕ್ಕೆ ಆ ಸೀಮೆಯ ಗ್ರಾತಾಂ ದೊಫಿನ್ವಾ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯನ್ನು ಹಾಲು, ಕೆನೆ, ಬೆಳ್ಳುಳ್ಳಿ ಜೊತೆ ಒಲೆಯಲ್ಲಿ ಬೇಯಿಸಿದ್ದು. ಮಾಂಸ ತಿನ್ನದವರಿಗೆ ದೇವರು ಕೊಟ್ಟ ವರ. ಬೆಟ್ಟದ ಮೇಲಿನ 11ನೇ ಲೂಯಿ ಕೋಟೆಯ ಅಂಗಳದಲ್ಲಿ ಆಗಸ್ಟ್ ಕೊನೆಗೆ ಬೆರ್ಲಿಯೋಜ್ ಉತ್ಸವ ನಡೆಯುತ್ತದೆ. ನಾವು ಹೋದಾಗ ಅಲ್ಲಿ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ.

ಶನಿವಾರ, ಮತ್ತೆ ಪ್ಯಾರಿಸ್

ರೈಲು ಇಳಿದವರೇ ಬ್ಯಾಗ್ ಇಟ್ಟು ಐದನೇ ನಂಬರ್ ಮೆಟ್ರೊ ಹತ್ತಿ ಪೋರ್ತ್ ದ ಪಾಂತಾಂಗೆ ಹೋದೆವು. ಒಂದು ಕಾಲಕ್ಕೆ ಪ್ಯಾರಿಸ್ಸಿನ ಕಸಾಯಿಖಾನೆಗಳಿದ್ದ ಲಾ ವಿಲೆತ್‌ನಲ್ಲಿ ಈಗ ಫಿಲ್ಹಾರ್ಮೊನಿ ಅನ್ನೋ ಸಂಗೀತ ಭವನ ಇದೆ. 2015ರಲ್ಲಿ ಶುರುವಾಗಿದ್ದು, ಜಾಂ ನುವೆಲ್ ವಿನ್ಯಾಸ. ಹೊರಮೈಗೆ ಹಕ್ಕಿ ಆಕಾರದ ಅಲ್ಯೂಮಿನಿಯಂ ತುಂಡುಗಳನ್ನು ಮುಚ್ಚಿದ್ದಾರೆ.

ಪಕ್ಕದಲ್ಲೇ ಸಂಗೀತ ವಾದ್ಯಗಳ ಮ್ಯೂಸಿಯಂ. ಅಲ್ಲಿಗೆ ಹೋಗಿದ್ದು ಒಂದೇ ಒಂದು ಗಿಟಾರಿಗೆ. ಸುಮಾರು 1830ರಲ್ಲಿ ಗ್ರೊಬೆರ್ ಅನ್ನುವವರು ಮಾಡಿದ್ದು. ಈಗಿನ ಗಿಟಾರಿಗಿಂತ ಚಿಕ್ಕದು, ಸೊಂಟ ಸಣ್ಣ. ಮೇಲಿನ ಹಲಗೆಯ ಮೇಲೆ ಶಾಯಿಯಲ್ಲಿ ಎರಡು ಸಹಿ. ಒಂದು ಪಗನೀನಿಯದು, ಇನ್ನೊಂದು ಬೆರ್ಲಿಯೋಜ್‌ನದು. ಗಾಜಿಗೆ ಮೂಗು ತಾಗಿಸಿ ನೋಡಿದೆ. ಪಿಟೀಲಿನ ಮಾಯಾವಿ ಅನ್ನಿಸಿಕೊಂಡಿದ್ದ ಪಗನೀನಿ 1838ರ ಡಿಸೆಂಬರ್‌ನಲ್ಲಿ, ಬೆರ್ಲಿಯೋಜ್ ಸಾಲದಲ್ಲಿ ಮುಳುಗಿದ್ದಾಗ, 20,000 ಫ್ರಾಂಕ್ ಕಳಿಸಿಕೊಟ್ಟ. ಆ ದುಡ್ಡಿನ ನೆಮ್ಮದಿಯಲ್ಲೇ 'ರೋಮಿಯೊ ಮತ್ತು ಜೂಲಿಯೆಟ್' ಸಿಂಫೊನಿ ಬರೆಯಲು ಆಗಿದ್ದು.

ಎಂಟು ಗಂಟೆಗೆ ಕಚೇರಿ. 2,400 ಜನ ಹಿಡಿಸುವ ಸಭಾಂಗಣ. ಆದರೂ ಅತಿ ದೂರದವನು ನಿರ್ದೇಶಕರಿಂದ 32 ಮೀಟರ್ ಒಳಗೇ ಇರುತ್ತಾನೆ. ವೇದಿಕೆ ಹೆಚ್ಚುಕಡಿಮೆ ನಡುವಿನಲ್ಲಿ, ಸುತ್ತ ಬಾಲ್ಕನಿಗಳು. ನಮ್ಮ ಸೀಟು ಪಕ್ಕದ ಬಾಲ್ಕನಿಯಲ್ಲಿ, ಟಿಂಪನಿಗಳು ನೇರ ಕೆಳಗೆ.

ಶುರುವಾಗುವ ಮುಂಚೆ ನೋಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಗಾರಿ ಅಂದರೆ ಸುಮ್ನೆ ಢಂ ಅನ್ನಿಸುವುದು ಅಂದುಕೊಳ್ಳಬೇಡಿ. ನಮ್ಮ ಮೃದಂಗದವರು ಶ್ರುತಿ ಸೇರಿಸುವ ಹಾಗೆ ಇಲ್ಲೂ ಒಂದೊಂದಕ್ಕೂ ಒಂದೊಂದು ಸ್ವರ. ನುಡಿಸುವವರು ಬಾಗಿ, ಕಿವಿಯನ್ನು ಚರ್ಮದ ಹತ್ತಿರ ತಂದು, ಬೆರಳ ತುದಿಯಿಂದ ಒಂದೇ ಒಂದು ಸಲ ತಟ್ಟಿ, ಕಾಲಲ್ಲಿ ಪೆಡಲ್ ಒತ್ತಿ ಸರಿಮಾಡುತ್ತಿದ್ದರು. ಹತ್ತು ಜನ ಹೀಗೆ ಬಾಗಿದ್ದರು. ಅಷ್ಟು ಜನ ಒಟ್ಟಿಗೆ ಬಾರಿಸಿದಾಗ ಗುಡುಗಿನಲ್ಲೂ ಸ್ವರಮೇಳ ಕೇಳಬೇಕು, ಅದು ಬೆರ್ಲಿಯೋಜ್ ಲೆಕ್ಕ.

ಶುರು ಬಹಳ ಮೆತ್ತಗೆ. ತಂತಿವಾದ್ಯಗಳು ಮೆಟ್ಟಿಲು ಹತ್ತುತ್ತವೆ, ನಿಲ್ಲುತ್ತವೆ, ಮತ್ತೆ ಹತ್ತುತ್ತವೆ. ಆಮೇಲೆ 'ದಿಯೆಸ್ ಇರೆ', ಕೊನೆಯ ತೀರ್ಪಿನ ದಿನದ ಹಾಡು. ಅದೂ ಖಾಲಿ ಖಾಲಿಯಾಗಿ, ತಗ್ಗು ದನಿಯ ತಂತಿವಾದ್ಯಗಳಾದ ಸೆಲ್ಲೊ ಬಾಸ್‌ಗಳ ಒಂದೇ ಎಳೆಯಲ್ಲಿ ಹೊರಡುತ್ತದೆ. ಶ್ರುತಿ ಮೇಲಕ್ಕೆ ಜಿಗಿಯುತ್ತದೆ. ಮತ್ತೊಮ್ಮೆ ಜಿಗಿಯುತ್ತದೆ. ಆಮೇಲೆ ಬಾಲ್ಕನಿಯ ಒಂದು ಮೂಲೆಯಲ್ಲಿ ಕಹಳೆ ಎದ್ದಿತು. ಎದುರು ಮೂಲೆ ಉತ್ತರ ಕೊಟ್ಟಿತು. ಹಿಂದಿನಿಂದ ಮೂರನೆಯದು. ನಾಲ್ಕನೆಯದು ನಮ್ಮ ತಲೆ ಮೇಲೆ. ಎಲ್ಲ ಸೇರಿ ಒಂದಾಗಿ, ಕೆಳಗೆ 16 ನಗಾರಿ ಉರುಳಿ, ಅದರ ಮೇಲೆ ಗಂಡಸರ ದನಿ ಹೊರಟಾಗ ನನ್ನ ಕುರ್ಚಿಯ ಹಿಡಿ ನಡುಗುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಪುಟ್ಟಿ ನನ್ನ ತೋಳು ಹಿಡಿದಳು.

ಜೋರು ಅನ್ನೋದಕ್ಕಿಂತ, ಎಲ್ಲಿಂದ ಅನ್ನುವುದೇ ಅಲ್ಲಿ ವಿಷಯ. ತಪ್ಪಿಸಿಕೊಳ್ಳುವುದಕ್ಕೆ ಯಾವ ದಿಕ್ಕೂ ಬಿಟ್ಟಿಲ್ಲ ಅವನು.

ಆದರೆ ಒಂದೂವರೆ ಗಂಟೆಯಲ್ಲಿ ಇದು ಕೆಲವೇ ನಿಮಿಷ. ಬೆರ್ಲಿಯೋಜ್ ಅಂದರೆ ಗಲಾಟೆ ಅಂತ ಅವನ ಕಾಲದ ವ್ಯಂಗ್ಯಚಿತ್ರಕಾರರು ಹಬ್ಬಿಸಿದ್ದು ಇವತ್ತಿಗೂ ಹೋಗಿಲ್ಲ. ಈ ಸದ್ದಿನ ಮುಂದಿನ ಭಾಗದಲ್ಲೇ ಎಲ್ಲ ಕರಗಿ, ಬೆರಳೆಣಿಕೆಯ ವಾದ್ಯ, ಹೆದರಿದ ಮನುಷ್ಯನ ತೊದಲು ಮಾತ್ರ ಉಳಿಯುತ್ತದೆ. ಐದನೇ ಭಾಗದಲ್ಲಿ ವಾದ್ಯವೇ ಇಲ್ಲ, ಬರೀ ಕಂಠ. ಅಷ್ಟು ಜನ ವಾದ್ಯಗಾರರು ಕೈಕಟ್ಟಿ ಕೂತಿದ್ದರು.

ಏಳನೆಯ ಭಾಗ 'ಒಫೆರ್ತ್ವಾರ್' ನನಗೆ ಮುಂಚೆ ರುಚಿಸುತ್ತಿರಲಿಲ್ಲ. ಅದರಲ್ಲಿ ವೃಂದಕ್ಕೆ ಹೆಚ್ಚುಕಡಿಮೆ ಉದ್ದಕ್ಕೂ ಎರಡೇ ಸ್ವರ, ಷಡ್ಜ ಮತ್ತು ಶುದ್ಧ ರಿಷಭದ ನಡುವಿನಷ್ಟು ದೂರ. ಶುದ್ಧೀಕರಣದ ಲೋಕದಲ್ಲಿ ಕಾಯುತ್ತಿರುವ ಆತ್ಮಗಳು ಅದನ್ನೇ ಹೇಳುತ್ತಾ ಇರುತ್ತವೆ, ಸುತ್ತ ವಾದ್ಯಗಳು ಅಲೆಯುತ್ತವೆ. ಮೊಬೈಲಿನಲ್ಲಿ ಕೇಳಿದರೆ ಬೋರು. ಇಲ್ಲಿ 200 ಜನ ಅದೇ ಎರಡು ಸ್ವರವನ್ನು ಗುನುಗುವುದನ್ನು ಕಣ್ಣಾರೆ ನೋಡುತ್ತಾ ಕೇಳಿದರೆ ಬೇರೆ. ಕೊನೆಯಲ್ಲಿ ಆ ಬೀಗ ಬಿಚ್ಚಿಕೊಂಡು ದನಿಗಳು ಮೇಲಕ್ಕೆ ತೆರೆದುಕೊಂಡಾಗ ನಾನೂ ಉಸಿರು ಬಿಟ್ಟೆ. ಜರ್ಮನಿಯ ಸಂಗೀತಗಾರ ಶೂಮನ್ ಈ ಭಾಗವನ್ನು ಯಾಕೆ ಅಷ್ಟು ಹೊಗಳಿದ ಅನ್ನುವುದು ಆಗ ತಲೆಗೆ ಹೋಯಿತು.

ಅದಾದ ಮೇಲೆ 'ಹೋಸ್ತಿಯಾಸ್'. ಗಂಡಸರು ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ಆಗ ತೀರಾ ಎತ್ತರದಲ್ಲಿ ಕೊಳಲುಗಳು, ತೀರಾ ಪಾತಾಳದಲ್ಲಿ ಟ್ರಾಂಬೋನ್ ಅನ್ನೋ ಹಿತ್ತಾಳೆ ವಾದ್ಯಗಳು, ನಡುವೆ ಏನೂ ಇಲ್ಲ. ಏನೇನೂ ಇಲ್ಲ! ಟ್ರಾಂಬೋನಿನ ಆ ಕೆಳಸ್ವರ ಕೇಳುವುದಕ್ಕಿಂತ ಹೊಟ್ಟೆಗೆ ತಾಕುತ್ತದೆ. ಸಭಾಂಗಣದ ಅಷ್ಟೂ ಗಾಳಿ ಆ ಎರಡರ ಮಧ್ಯೆ ನಿಂತ ಹಾಗಿತ್ತು. ನಾನು ಮುಂದಕ್ಕೆ ಬಾಗಿ ಪುಟ್ಟಿಗೆ ಸನ್ನೆ ಮಾಡಿದೆ. ಪಿಯಾನೊ ವಾದ ಮತ್ತೆ ಎತ್ತಬೇಡ ಅನ್ನೋ ಹಾಗೆ ಅವಳು ಕಣ್ಣು ಬಿಟ್ಟಳು.

'ಸಾಂಕ್ತುಸ್' ಭಾಗದಲ್ಲಿ ಒಬ್ಬರೇ ಟೆನರ್, ಅಂದರೆ ಎತ್ತರದ ಗಂಡುದನಿಯ ಗಾಯಕರು, ಅವರಿಗೆ ಹೆಂಗಸರ ಉತ್ತರ. ಇಡೀ ಕೃತಿಯಲ್ಲಿ ಒಂಟಿ ಗಾಯಕರಿಗೆ ಕೆಲಸ ಇಷ್ಟೇ. ಎರಡನೇ ಸಲ ಬರುವಾಗ ಸಿಂಬಲ್‌ಗಳನ್ನು ಬಡಿಯದೆ, ಒಂದಕ್ಕೊಂದು ಮೆಲ್ಲಗೆ ತಾಗಿಸುತ್ತಾರೆ. ಗಲಾಟೆ ಮಾಡಲೆಂದೇ ಇರುವ ವಾದ್ಯದಿಂದ ಉಸಿರಿನಷ್ಟು ಸಣ್ಣ ಸದ್ದು. ಕೊನೆಗೆ 'ಆಞುಸ್ ದೇಯಿ', ಮೊದಲಿನ ತುಣುಕುಗಳು ಒಂದೊಂದಾಗಿ ಮರಳಿ ಬರುತ್ತವೆ, 'ಆಮೆನ್' ಕೆಳಗೆ ನಗಾರಿಗಳು ಮೆತ್ತಗೆ ತಟ್ಟುತ್ತವೆ, ಮುಗಿಯಿತು. ನಿರ್ದೇಶಕರು ಕೈ ಇಳಿಸುವ ತನಕ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ನಿಲ್ಲಿಸಲೂ ಇಲ್ಲ. ನನ್ನದನ್ನೆಲ್ಲ ಸುಟ್ಟು ಒಂದನ್ನೇ ಉಳಿಸಿ ಅಂದರೆ ಇದನ್ನೇ ಕೇಳುತ್ತೇನೆ ಅಂತ ಬೆರ್ಲಿಯೋಜ್ ಮುಪ್ಪಿನಲ್ಲಿ ಗೆಳೆಯನಿಗೆ ಬರೆದಿದ್ದ.

ಹೊರಗೆ ಬಂದಮೇಲೆ ಕ್ರೆಪ್ ಗಾಡಿಯ ಮುಂದೆ ನಿಂತು ಇಬ್ಬರಿಗೂ ವಾದ. ಪುಟ್ಟಿಗೆ ಕಹಳೆಯೇ ಸರ್ವಸ್ವ, ನನಗೆ ಹೋಸ್ತಿಯಾಸ್. ಅದು ಇತ್ಯರ್ಥ ಆಗಲಿಲ್ಲ. ಸೀಟಿನ ವಿಷಯಕ್ಕೆ ಮಾತ್ರ ಇಬ್ಬರದೂ ಒಂದೇ ಮಾತು. ಮುಂದೆ ಯಾರಾದರೂ ಇದನ್ನು ಕೇಳಲು ಹೋಗುವುದಾದರೆ ಪಕ್ಕದ ಬಾಲ್ಕನಿ ಬೇಡ. ಅಲ್ಲಿ ನಗಾರಿಯವರ ಕೈಚಳಕ ಚೆನ್ನಾಗಿ ಕಾಣುತ್ತದೆ, ಆದರೆ ತಲೆ ಮೇಲಿನ ತಂಡ ಉಳಿದ ಮೂರನ್ನೂ ಸ್ವಲ್ಪ ನುಂಗಿಬಿಡುತ್ತದೆ. ನಾಲ್ಕೂ ಮೂಲೆಗೆ ಸಮ ದೂರ ಇರುವ ಹಾಗೆ, ವೇದಿಕೆಯ ಎದುರು, ನಡುವಿನ ಸಾಲು ಕೇಳಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.